ಸತ್ಯಾಂಶ: ವಿಳಾಸದ ದಾಖಲೆ ಇಲ್ಲದಿದ್ದರೂ ಇಂಗ್ಲೆಂಡಿನಲ್ಲಿ ಜಿಪಿ ನೋಂದಣಿ ಸಾಧ್ಯ

ವಿದ್ಯುತ್ ಬಿಲ್ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸದಿದ್ದರೆ ಇಂಗ್ಲೆಂಡಿನಲ್ಲಿ ಸ್ಥಳೀಯ ವೈದ್ಯರ, ಅಂದರೆ ಜಿಪಿಯ, ಬಳಿ ಹೆಸರು ನೋಂದಾಯಿಸಲು ಆಗುವುದಿಲ್ಲ ಎಂಬ ಸಂದೇಶವು ಅಲ್ಲಿಗೆ ಓದಲು ಹೋಗುವ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬರುತ್ತದೆ. ಇದು ನಿಜವಲ್ಲ.

ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಮಾರ್ಗಸೂಚಿಯ ಪ್ರಕಾರ ನೋಂದಣಿಗೆ ವಿಳಾಸದ ಪುರಾವೆಯಾಗಲಿ, ಗುರುತಿನ ಚೀಟಿಯಾಗಲಿ, ವೀಸಾ ದಾಖಲೆಯಾಗಲಿ, ಎನ್‌ಎಚ್‌ಎಸ್ ಸಂಖ್ಯೆಯಾಗಲಿ ಕಡ್ಡಾಯವಲ್ಲ. ಸ್ವಾಗತಕಾರರು ದಾಖಲೆ ಕೇಳಬಹುದು; ಆದರೆ ಅದು ಇಲ್ಲ ಎಂಬ ಒಂದೇ ಕಾರಣಕ್ಕೆ ನೋಂದಣಿಯನ್ನು ನಿರಾಕರಿಸುವಂತಿಲ್ಲ. ಮನೆಯೇ ಇಲ್ಲದವರು ತಾತ್ಕಾಲಿಕ ವಿಳಾಸವನ್ನು, ಅಷ್ಟೇ ಏಕೆ, ಆ ಚಿಕಿತ್ಸಾಲಯದ ವಿಳಾಸವನ್ನೇ ಬರೆದುಕೊಡಬಹುದು.

ಹಾಗೆಂದು ನಿರಾಕರಣೆಗೆ ಅವಕಾಶವೇ ಇಲ್ಲವೆಂದಲ್ಲ. ಹೊಸ ರೋಗಿಗಳ ಪಟ್ಟಿ ಮುಚ್ಚಿದ್ದರೆ ಅಥವಾ ನೀವು ಆ ಚಿಕಿತ್ಸಾಲಯದ ವ್ಯಾಪ್ತಿಯ ಹೊರಗೆ ವಾಸಿಸುತ್ತಿದ್ದರೆ ಅವರು ಒಪ್ಪದಿರಬಹುದು. ಆದರೆ ಕಾರಣವನ್ನು 14 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಬಾಯಿಮಾತಿನ ‘ಇಲ್ಲ’ಕ್ಕೆ ಹಿಂದಿರುಗುವ ಬದಲು ಆ ಪತ್ರವನ್ನು ಕೇಳಿ, ಅಗತ್ಯವಿದ್ದರೆ ಆ ಪ್ರದೇಶದ ಎನ್‌ಎಚ್‌ಎಸ್ ಸೇವೆಗಳನ್ನು ನೋಡಿಕೊಳ್ಳುವ ಇಂಟಿಗ್ರೇಟೆಡ್ ಕೇರ್ ಬೋರ್ಡ್‌ಗೆ ದೂರು ನೀಡಿ ಎಂದು ಕಳಕಳಿಯಿಂದ ಹೇಳುತ್ತೇನೆ, ಏಕೆಂದರೆ ಸುಳ್ಳು ಸಂದೇಶವನ್ನು ನಂಬಿದವರು ಜ್ವರವೋ ನೋವೋ ಉಲ್ಬಣಿಸುವವರೆಗೆ ಕಾಯುತ್ತಾ ಕೂರುವ ಅಪಾಯವಿದೆ.

ಜಿಪಿಯ ಸಮಾಲೋಚನೆ ಉಚಿತ. ಔಷಧಿ ಚೀಟಿಗೆ ಮತ್ತು ಕೆಲವರಿಗೆ ಆಸ್ಪತ್ರೆಯ ಚಿಕಿತ್ಸೆಗೆ ಶುಲ್ಕವಿರಬಹುದು.