ಓವಲ್ ಮೈದಾನದ ಕಾವಲು, ನಮ್ಮ ಬಡಾವಣೆಯ ಬೀಗ

ಮುಂಬೈಯ ಮಾಟುಂಗಾ ರೋಡಿನಲ್ಲಿ ಲೋಕಲ್ ರೈಲು ಹತ್ತಿ ಚರ್ಚ್‌ಗೇಟಿನಲ್ಲಿ ಇಳಿದು, ಓವಲ್ ಮೈದಾನವನ್ನು ಅಡ್ಡ ಹಾಯ್ದು ಕಚೇರಿ ಸೇರುವುದು ಹದಿನೆಂಟು ವರ್ಷಗಳಿಂದ ನನ್ನ ರೂಢಿ. ಒಂದು ಬದಿಗೆ ರಾಜಾಬಾಯಿ ಗೋಪುರ ಮತ್ತು ಹೈಕೋರ್ಟು, ಇನ್ನೊಂದು ಬದಿಗೆ ಆರ್ಟ್ ಡೆಕೊ ಶೈಲಿಯ ಮನೆಗಳ ಸಾಲು. ನಡುವಿನ ಬಯಲಿನಲ್ಲಿ ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಅಂಪೈರಿನ ಬೆನ್ನಿಗೇ ನಿಂತಿರುತ್ತಾನೆ. 2018ರಲ್ಲಿ ಯುನೆಸ್ಕೋ ಈ ಪರಿಸರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ತೊಂಬತ್ತರ ದಶಕದಲ್ಲಿ ಇದೇ ಮೈದಾನ ಕಸ ಮತ್ತು ಮಾದಕ ವಸ್ತುಗಳ ತಾಣವಾಗಿ ಹಾಳುಬಿದ್ದಿತ್ತು. ಆಗ ಸುತ್ತಲಿನ ಕಟ್ಟಡಗಳ ನಿವಾಸಿಗಳು ಸಂಘ ಕಟ್ಟಿಕೊಂಡು ಹೈಕೋರ್ಟಿನ ಮೊರೆಹೋದರು; ತೀರ್ಪು ಬಂದಿತೆಂದು ಮನೆಗೆ ಮರಳದೆ, ಬೇಲಿ, ಹುಲ್ಲು, ನೀರು, ಕಾವಲುಗಾರರ ಸಂಬಳ ಎಲ್ಲದರ ಚಿಂತೆಯನ್ನೂ ತಲೆಗೆ ಹಚ್ಚಿಕೊಂಡರು. ಜಾಗ ಸರ್ಕಾರದ್ದಾಗಿಯೇ ಉಳಿಯಿತು, ನಿತ್ಯದ ನಿಗಾ ಮಾತ್ರ ನಿವಾಸಿಗಳದ್ದಾಯಿತು. ನಾನು ಮೆಚ್ಚುವುದು ಈ ಎರಡನೆಯ ಕೆಲಸವನ್ನು.

ಹೋರಾಟದಲ್ಲಿ ಬೆಂಗಳೂರು ಹಿಂದೆ ಬಿದ್ದಿಲ್ಲ. 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿನ ಸುಮಾರು 32 ಎಕರೆಯನ್ನು 1998ರಲ್ಲಿ ಸರ್ಕಾರ ಉದ್ಯಾನದ ವ್ಯಾಪ್ತಿಯಿಂದ ಕೈಬಿಡಲು ಹೊರಟಾಗ ನಾಗರಿಕರು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ಹಾಗೆ ಪ್ರಶ್ನಿಸಲು ಅವರಿಗೆ 1975ರ ಉದ್ಯಾನ ಸಂರಕ್ಷಣಾ ಕಾಯ್ದೆಯ ಆಧಾರವಿತ್ತು. ದೊಡ್ಡ ಉದ್ಯಾನಕ್ಕೆ ಕಂಟಕ ಬಂದಾಗ ನಾವು ಎದ್ದು ನಿಲ್ಲುತ್ತೇವೆ. ಆದರೆ ಮನೆಯ ಎದುರಿನ ಸಣ್ಣ ಪಾರ್ಕು ದಿನಕ್ಕಿಷ್ಟು ಎಂದು ಸೊರಗುವಾಗ, ಅದು ಯಾರೋ ಅಧಿಕಾರಿಯ ಕೆಲಸವೆಂದು ಸುಮ್ಮನಿರುತ್ತೇವೆ.

ನನ್ನ ತಾಯಿ ಇರುವ ಬಡಾವಣೆಯ ಪಾರ್ಕೇ ಕಣ್ಣೆದುರಿಗಿದೆ. ಕಳೆದ ದೀಪಾವಳಿಗೆ ಹೋದಾಗ ಉಯ್ಯಾಲೆಯ ಒಂದು ಸರಪಳಿ ಕಳಚಿ ಹಲಗೆ ಮಣ್ಣಿಗೆ ತಾಗಿತ್ತು. ಹೊಂಗೆ ಮರದ ಬುಡದಲ್ಲಿ ಯಾರದೋ ಮನೆ ಒಡೆದ ಇಟ್ಟಿಗೆ ಚೂರುಗಳ ಮೂಟೆಗಳಿದ್ದವು. ಬೆಂಗಳೂರಿನ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು 2024ರಲ್ಲಿ ಪ್ರಕಟಣೆ ಹೊರಟಿದ್ದರೂ, ಇಲ್ಲಿ ಬೆಳಿಗ್ಗೆ ಹತ್ತು ಗಂಟೆಗೆಲ್ಲ ಗೇಟಿಗೆ ಬೀಗ. ಮಾಲಿಯನ್ನು ಕೇಳಿದರೆ, “ನಾಲ್ಕು ಪಾರ್ಕಿಗೆ ನಾನೊಬ್ಬನೇ ಸ್ವಾಮಿ, ತೆರೆದಿಟ್ಟು ಹೋದರೆ ಪೈಪೇ ಇರಲ್ಲ” ಎಂದರು. ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ.

ಹಾಗೆಂದು ಮುಂಬೈಯ ದಾರಿಯನ್ನು ಕಣ್ಣುಮುಚ್ಚಿ ಹಿಡಿಯಬಾರದು. ಮುಂಬೈಯಲ್ಲಿಯೇ ನಿರ್ವಹಣೆಗೆಂದು ಪಡೆದ ಕೆಲವು ಬಯಲುಗಳಲ್ಲಿ ಕ್ಲಬ್ಬುಗಳು ಎದ್ದು, ಸಾರ್ವಜನಿಕರು ಹೊರಗೆ ಉಳಿದರು. ಅದಕ್ಕಾಗಿಯೇ 2016ರಲ್ಲಿ ಬಯಲುಗಳ ನಿರ್ವಹಣೆಯನ್ನು ಖಾಸಗಿಯವರಿಗೆ ವಹಿಸುವ ಮುಂಬೈ ಪಾಲಿಕೆಯ ದತ್ತು ನೀತಿಗೆ ಭಾರಿ ವಿರೋಧ ಬಂದು ಮುಖ್ಯಮಂತ್ರಿಯೇ ಅದನ್ನು ತಡೆಹಿಡಿಯಬೇಕಾಯಿತು. ನಿವಾಸಿಗಳ ಕೈಗೆ ನಿಗಾ ಕೊಡುವಾಗ ಒಂದು ಇಟ್ಟಿಗೆಯನ್ನೂ ಕಟ್ಟುವಂತಿಲ್ಲ, ಪ್ರವೇಶಕ್ಕೆ ಹಣ ಕೇಳುವಂತಿಲ್ಲ, ಮನೆಗೆಲಸದವರು ಮತ್ತು ಆಟೊ ಚಾಲಕರು ಮಧ್ಯಾಹ್ನ ನೆರಳಿಗೆ ಕೂತರೆ ಎಬ್ಬಿಸುವಂತಿಲ್ಲ ಎಂಬ ಷರತ್ತುಗಳು ಕರಾರಿನಲ್ಲೇ ಇರಬೇಕು. ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಪಾರ್ಕಿನ ಅಗತ್ಯ ಹೆಚ್ಚಾಗಿರುವುದು ಮನೆಯಲ್ಲಿ ಅಂಗಳವಿಲ್ಲದವರಿಗೆ.

ತಾಯಿಯ ಬೀದಿಯ ಹನ್ನೊಂದು ಮನೆಯವರು ಈಗ ಪಾಲಿಕೆಗೆ ಕೊಡಲು ಅರ್ಜಿ ಬರೆಯುತ್ತಿದ್ದಾರೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಉಯ್ಯಾಲೆಯ ರಿಪೇರಿಯನ್ನು ತಾವೇ ಮಾಡಿಸುತ್ತೇವೆಂದೂ, ಮಧ್ಯಾಹ್ನದ ಹೊತ್ತು ಸರದಿಯಂತೆ ಪಾರ್ಕಿನಲ್ಲಿ ಇರುತ್ತೇವೆಂದೂ ಬರೆದಿದ್ದಾರೆ. ಗೇಟಿನ ಇನ್ನೊಂದು ಕೀಲಿ ಕೊಡಿ ಎಂಬುದು ಅವರ ಮೊದಲ ಕೋರಿಕೆ.