ಜ್ಞಾನ ತಂದೆ-ತಾಯಿ ಕಾನೂನುಬದ್ಧ ಪೋಷಕರಲ್ಲ: ಒಂದು ಸ್ಪಷ್ಟನೆ

ಮಗುವಿನ ಜ್ಞಾನಸ್ನಾನದಲ್ಲಿ (ಕ್ರೈಸ್ತ ಧರ್ಮಕ್ಕೆ ಸೇರಿಸುವ ಸಂಸ್ಕಾರ, ಬ್ಯಾಪ್ಟಿಸಮ್) ಜ್ಞಾನ ತಂದೆ ಅಥವಾ ಜ್ಞಾನ ತಾಯಿಯಾಗಿ (ಗಾಡ್‌ಫಾದರ್, ಗಾಡ್‌ಮದರ್) ನಿಂತವರು, ಹೆತ್ತವರು ತೀರಿಕೊಂಡರೆ ಆ ಮಗುವಿನ ಕಾನೂನುಬದ್ಧ ಪೋಷಕರಾಗುತ್ತಾರೆ ಎಂಬ ಸಂದೇಶವೊಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಪರಿಶೀಲಿಸದೆ ನಾನೂ ಅದನ್ನು ಎರಡು ಗುಂಪುಗಳಿಗೆ ಕಳುಹಿಸಿದ್ದೆ. ಆದರೆ ಆ ಸಂದೇಶದಲ್ಲಿರುವುದು ತಪ್ಪು.

ಭಾರತದಲ್ಲಿ ಅನಾಥ ಮಗುವಿಗೆ ಪೋಷಕರನ್ನು ನೇಮಿಸುವ ಅಧಿಕಾರ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ (ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಆ್ಯಕ್ಟ್) ನ್ಯಾಯಾಲಯಕ್ಕಿದೆ. ಜ್ಞಾನಸ್ನಾನದ ದಾಖಲೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ಹಕ್ಕು ಬರುವುದಿಲ್ಲ.

ಹಾಗೆಂದು ಈ ಪಾತ್ರ ಉಡುಗೊರೆ, ಫೋಟೊಗಳಿಗೆ ಸೀಮಿತವೂ ಅಲ್ಲ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 872ನೇ ವಿಧಿಯ ಪ್ರಕಾರ, ಜ್ಞಾನಸ್ನಾನ ಪಡೆದವರು ಅದಕ್ಕೆ ತಕ್ಕ ಕ್ರೈಸ್ತ ಬದುಕನ್ನು ನಡೆಸುವಂತೆಯೂ ಅದರಿಂದ ಬರುವ ಹೊಣೆಗಳನ್ನು ನಿಷ್ಠೆಯಿಂದ ನೆರವೇರಿಸುವಂತೆಯೂ ನೆರವಾಗುವುದು ಇವರ ಕರ್ತವ್ಯ. ಅದಕ್ಕೆಂದೇ 874ನೇ ವಿಧಿಯು, ಧರ್ಮಾಧ್ಯಕ್ಷರು (ಬಿಷಪ್) ಬೇರೆ ವಯಸ್ಸು ನಿಗದಿಪಡಿಸದಿದ್ದರೆ ಅಥವಾ ಗುರುಗಳು (ಪಾದ್ರಿ) ಸಕಾರಣವಾಗಿ ವಿನಾಯಿತಿ ನೀಡದಿದ್ದರೆ, ಅವರಿಗೆ 16 ವರ್ಷ ತುಂಬಿರಬೇಕು, ಅವರು ದೃಢೀಕರಣ (ಕನ್ಫರ್ಮೇಶನ್) ಮತ್ತು ಪರಮಪ್ರಸಾದ (ಕಮ್ಯುನಿಯನ್) ಸಂಸ್ಕಾರಗಳನ್ನು ಪಡೆದಿರಬೇಕು, ವಿಶ್ವಾಸಕ್ಕೆ ಒಪ್ಪುವಂತೆ ಬಾಳುತ್ತಿರಬೇಕು ಎನ್ನುತ್ತದೆ. ಮಗುವಿನ ಹೆತ್ತವರೇ ಈ ಸ್ಥಾನದಲ್ಲಿ ನಿಲ್ಲುವಂತಿಲ್ಲ. ನಮ್ಮಲ್ಲಿ ಬಹುತೇಕರು ನೆಂಟಸ್ತಿಕೆ ನೋಡಿಯೇ ಆರಿಸುವುದರಿಂದ, ವಿಶ್ವಾಸಕ್ಕೆ ಒಪ್ಪುವಂತೆ ಬಾಳುತ್ತಿರಬೇಕೆಂಬ ಅರ್ಹತೆಯತ್ತ ಗಮನ ಹೋಗುವುದು ಕಡಿಮೆ ಎಂಬುದು ನನ್ನ ಅನಿಸಿಕೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.