ಹತ್ತು ರೂಪಾಯಿ ಟಿಕೆಟಿನ ಧರ್ಮಶಾಸ್ತ್ರ

ಜನರಲ್ ಬೋಗಿ ಹತ್ತುವವನಿಗೆ ತೋಳಿನಲ್ಲಿ ಬಲವಿದ್ದರೆ ಸಾಕು ಎಂದು ನಂಬಿದವರು ಇನ್ನೂ ಇದ್ದಾರೆ. ಅದು ಹಳೆಯ ಕಾಲದ ಮಾತು. ಈಗ ಮೂವತ್ತು ಕಿಲೋಮೀಟರ್ ದೂರದ ಊರಿಗೆ ಹೋಗಿ ಸಂಜೆಯೊಳಗೆ ಮರಳಬೇಕೆನ್ನುವವನಿಗೂ ಸ್ವಲ್ಪ ಸಂಖ್ಯಾಶಾಸ್ತ್ರ, ಸ್ವಲ್ಪ ಭೂಗೋಳ, ಒಂದಿಷ್ಟು ಕಾಲಜ್ಞಾನ ಮತ್ತು ಸಾಕಷ್ಟು ಮೀಮಾಂಸೆ ಗೊತ್ತಿರಬೇಕು. ಎರಡು ತಿಂಗಳ ಮುಂಚೆ ಬರ್ತ್ ಕಾಯ್ದಿರಿಸಿ, ವೇಯ್ಟಿಂಗ್ ಲಿಸ್ಟಿನ ಏಣಿಯ ಮೆಟ್ಟಿಲುಗಳನ್ನು ದಿನಕ್ಕೆ ಹತ್ತು ಸಲ ಎಣಿಸುವ ದೂರಪ್ರಯಾಣಿಕರ ಗೋಳನ್ನು ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನನ್ನ ಚಿಂತೆಯೆಲ್ಲ ಕೌಂಟರಿನ ಕಿಂಡಿಯೊಳಗೆ ಹತ್ತು ರೂಪಾಯಿಯ ನೋಟು ತೂರಿಸಿ, ಹೆಸರಿಲ್ಲದ, ಸೀಟಿನ ನಂಬರಿಲ್ಲದ, ಗಾಡಿ ಯಾವುದೆಂದೂ ಬರೆದಿರದ ಒಂದು ಚೀಟಿಯನ್ನು ಪಡೆದು, ಅದನ್ನು ಜೇಬಿನಲ್ಲಿಟ್ಟುಕೊಂಡ ಮಾತ್ರಕ್ಕೆ ತಾನು ಕಾನೂನುಬದ್ಧ ಪ್ರಯಾಣಿಕನಾದೆನೆಂದು ಭ್ರಮಿಸುವ ಸಾಮಾನ್ಯನ ಕುರಿತದ್ದು.

ಸಂಖ್ಯಾಶಾಸ್ತ್ರದಿಂದಲೇ ಆರಂಭಿಸೋಣ. ಅಂಕಿಯ ಬಲಕ್ಕೆ ಸೊನ್ನೆ ಬಂದರೆ ಬೆಲೆ ಹತ್ತು ಪಟ್ಟಾಗುತ್ತದೆ, ಎಡಕ್ಕೆ ಬಂದರೆ ಏನೂ ಆಗುವುದಿಲ್ಲ ಎಂದು ಪ್ರೈಮರಿ ಶಾಲೆಯ ಮೇಷ್ಟ್ರು ಹೇಳಿಕೊಟ್ಟದ್ದನ್ನು ನೆಚ್ಚಿಕೊಂಡು ಬೆಳೆದವರು ನಾವು. 2020ರ ಲಾಕ್‌ಡೌನ್‌ನಲ್ಲಿ ನಿಂತುಹೋದ ಪ್ಯಾಸೆಂಜರ್ ಗಾಡಿಗಳು ಮತ್ತೆ ಹಳಿಗೆ ಬಂದಾಗ ರೈಲ್ವೆ ಇಲಾಖೆ ಆ ಮೇಷ್ಟ್ರನ್ನು ಸುಳ್ಳುಗಾರರನ್ನಾಗಿ ಮಾಡಿತು. ಗಾಡಿಯ ಸಂಖ್ಯೆಯ ಎಡತುದಿಯಲ್ಲಿ ಹಿಂದೆ ಐದೋ ಆರೋ ಇದ್ದ ಜಾಗದಲ್ಲಿ ಒಂದು ಸೊನ್ನೆ ಬಂದು ಕುಳಿತಿತ್ತು. ಸೊನ್ನೆ ಎಂದರೆ ಸ್ಪೆಷಲ್, ಸ್ಪೆಷಲ್ ಎಂದರೆ ಎಕ್ಸ್‌ಪ್ರೆಸ್ ದರ, ಎಕ್ಸ್‌ಪ್ರೆಸ್ ದರ ಎಂದರೆ ಕನಿಷ್ಠ ಹತ್ತು ರೂಪಾಯಿಯಿದ್ದ ಟಿಕೆಟಿಗೆ ಮೂವತ್ತು ರೂಪಾಯಿ. ಅಂತೂ ಎಡಗಡೆಯ ಸೊನ್ನೆಯ ಬೆಲೆ ಇಪ್ಪತ್ತು ರೂಪಾಯಿ ಎಂಬುದು ಸಿದ್ಧವಾಯಿತು. ಸೊನ್ನೆಯನ್ನು ಕಂಡುಹಿಡಿದವರು ನಾವೇ ಎಂದು ಹೆಮ್ಮೆಪಡುವ ದೇಶದಲ್ಲಿ ಅದಕ್ಕೆ ಇಷ್ಟಾದರೂ ಬೆಲೆ ಸಿಗದಿದ್ದರೆ ಹೇಗೆ? ಗಾಡಿ ಮಾತ್ರ ತನ್ನ ಸ್ವಭಾವವನ್ನು ಬದಲಿಸಿಕೊಳ್ಳಲಿಲ್ಲ. ಹಿಂದಿನಂತೆಯೇ ಪ್ರತಿ ಊರಿನಲ್ಲೂ ನಿಂತು ಕುಶಲ ವಿಚಾರಿಸುತ್ತ, ನಿಜವಾದ ಎಕ್ಸ್‌ಪ್ರೆಸ್‌ಗಳಿಗೆ ದಾರಿ ಬಿಡಲು ಕ್ರಾಸಿಂಗಿನಲ್ಲಿ ಅರ್ಧರ್ಧ ಗಂಟೆ ಬೆವರುತ್ತ, ತಾನೂ ಒಂದು ಎಕ್ಸ್‌ಪ್ರೆಸ್ ಎಂಬುದನ್ನು ಪ್ರಯಾಣಿಕರ ಜೇಬಿಗೆ ಮಾತ್ರ ನೆನಪಿಸುತ್ತ ಸಾಗುತ್ತಿತ್ತು. ಸುಮಾರು ನಾಲ್ಕು ವರ್ಷಗಳ ನಂತರ, 2024ರ ಫೆಬ್ರುವರಿಯ ಕೊನೆಯಲ್ಲಿ, ದರ ಸದ್ದಿಲ್ಲದೆ ಹತ್ತು ರೂಪಾಯಿಗೆ ಇಳಿಯಿತು. ಆಗ ಲೋಕಸಭಾ ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲವೆಂಬುದನ್ನು ಕಾಕತಾಳೀಯವೆಂದೇ ಭಾವಿಸತಕ್ಕದ್ದು. ಅದೇ 2020ರಲ್ಲಿ, ವೃದ್ಧರು ಸುಮ್ಮನೆ ತಿರುಗಾಡಿ ಸೋಂಕು ಹತ್ತಿಸಿಕೊಳ್ಳದಿರಲಿ ಎಂಬ ಕಾಳಜಿಯಿಂದ ಹಿಂದಕ್ಕೆ ಪಡೆದಿದ್ದ ಹಿರಿಯ ನಾಗರಿಕರ ರಿಯಾಯಿತಿಗೆ ಮಾತ್ರ ಇಂಥ ಕಾಕತಾಳೀಯ ಒದಗಿಬರಲಿಲ್ಲ. ಸೋಂಕು ಹೋಯಿತು, ಕಾಳಜಿ ಉಳಿಯಿತು.

ಇನ್ನು ಕಾಲಜ್ಞಾನ. 2016ರ ಮಾರ್ಚ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, 199 ಕಿಲೋಮೀಟರ್‌ವರೆಗಿನ ಕಾಯ್ದಿರಿಸದ ಟಿಕೆಟ್ ಪಡೆದವನು ಮೂರು ಗಂಟೆಯೊಳಗೆ, ಅಥವಾ ಆ ಊರಿಗೆ ಹೋಗುವ ಮೊದಲ ಗಾಡಿ ಹೊರಡುವುದರೊಳಗೆ, ಯಾವುದು ತಡವೋ ಅಷ್ಟರಲ್ಲಿ ಪ್ರಯಾಣ ಆರಂಭಿಸಬೇಕು. ಒಂದೇ ಟಿಕೆಟಿನಲ್ಲಿ ದಿನವಿಡೀ ಹೋಗಿಬಂದು ಮಾಡುವ ಚಾಲಾಕಿಗಳನ್ನು ಹಿಡಿಯುವುದು ಇದರ ಉದ್ದೇಶ. ಆದರೆ 200 ಕಿಲೋಮೀಟರ್ ಮತ್ತು ಅದಕ್ಕೂ ದೂರ ಹೋಗುವವನು ಮೂರು ದಿನ ಮೊದಲೇ ಟಿಕೆಟ್ ಕೊಂಡು, ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟು, ನಿಶ್ಚಿಂತೆಯಿಂದ ಹೊರಡಬಹುದು. ಹಾಗಾಗಿ ಬೆಂಗಳೂರಿನಿಂದ ಮೈಸೂರಿಗೆ, ಅಂದರೆ ಸುಮಾರು 140 ಕಿಲೋಮೀಟರ್ ದೂರಕ್ಕೆ, ಹೋಗುವವನು ಅನುಮಾನಾಸ್ಪದ ವ್ಯಕ್ತಿ. ಹುಬ್ಬಳ್ಳಿಗೆ ಹೋಗುವವನು ಸಜ್ಜನ. ಮನುಷ್ಯನ ಪ್ರಾಮಾಣಿಕತೆಯು 199ನೇ ಮತ್ತು 200ನೇ ಕಿಲೋಮೀಟರ್ ಕಲ್ಲುಗಳ ನಡುವೆ ಎಲ್ಲೋ ಒಂದು ಕಡೆ ಮೊಳೆಯುತ್ತದೆ ಎಂಬುದನ್ನು ನಮ್ಮ ಯಾವ ನೀತಿಶಾಸ್ತ್ರಕಾರನೂ ಇಷ್ಟು ಖಚಿತವಾಗಿ ಗುರುತಿಸಿರಲಿಲ್ಲ. ನಿಯಮದಲ್ಲಿ ದಯೆ ಇಲ್ಲವೆನ್ನುವಂತಿಲ್ಲ. ಗಾಡಿ ಐದು ಗಂಟೆ ತಡವಾದರೆ ಟಿಕೆಟಿನ ಆಯುಷ್ಯವೂ ಅಷ್ಟೇ ಹಿಗ್ಗುತ್ತದೆ. ಹೊತ್ತಿಗೆ ಸರಿಯಾಗಿ ಬರುವ ಗಾಡಿಯೇ ಅಲ್ಪಾಯುಷಿ ಟಿಕೆಟಿಗೆ ಶತ್ರು. ನಮ್ಮ ಗಾಡಿಗಳು ಆ ಪಾಪವನ್ನು ಆದಷ್ಟು ಕಡಿಮೆ ಮಾಡುತ್ತವೆ.

ಭೂಗೋಳದ ಪಾಠವೂ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ದೂರದ ಟಿಕೆಟ್ ಪಡೆದವನು ದಾರಿಯಲ್ಲಿ ಒಂದೆಡೆ ಇಳಿದು, ಎರಡು ದಿನ ಇದ್ದು, ಅದೇ ಟಿಕೆಟಿನಲ್ಲಿ ಪ್ರಯಾಣ ಮುಂದುವರಿಸಬಹುದೆಂಬ ಉದಾರ ನಿಯಮವೊಂದಿದೆ. ಅದರ ಹೆಸರು ‘ಬ್ರೇಕ್ ಜರ್ನಿ’. ಷರತ್ತು ಒಂದೇ: ಟಿಕೆಟ್ 500 ಕಿಲೋಮೀಟರ್‌ಗಿಂತ ಹೆಚ್ಚಿನದಾಗಿರಬೇಕು ಮತ್ತು ಇಳಿಯುವ ಮೊದಲು 500 ಕಿಲೋಮೀಟರ್ ಕ್ರಮಿಸಿರಬೇಕು. ಬೆಂಗಳೂರಿನಿಂದ ಬೆಳಗಾವಿಗೆ ಟಿಕೆಟ್ ಪಡೆದ ಮನುಷ್ಯನ ದಾರಿಯಲ್ಲಿ ತುಮಕೂರಿದೆ, ದಾವಣಗೆರೆಯಿದೆ, ಹಾವೇರಿಯಿದೆ. ನೆಂಟರಿರುವುದು, ಬೆಣ್ಣೆದೋಸೆಯಿರುವುದು, ಕೋರ್ಟು ಕಚೇರಿಯ ಕೆಲಸವಿರುವುದು ಎಲ್ಲವೂ ಈ ಊರುಗಳಲ್ಲಿಯೇ. ಅಲ್ಲೆಲ್ಲ ಇಳಿದರೆ ಟಿಕೆಟಿನ ಪುಣ್ಯ ಅಲ್ಲಿಗೇ ಕ್ಷಯವಾಗುತ್ತದೆ. ಸುಮಾರು 470 ಕಿಲೋಮೀಟರ್ ಸವೆಸಿ ಹುಬ್ಬಳ್ಳಿ ತಲುಪಿದರೂ ಅರ್ಹತೆ ಬರುವುದಿಲ್ಲ. ಧಾರವಾಡದ ಪೇಢೆ ಕೂಡ ಕೂದಲೆಳೆಯಲ್ಲಿ ತಪ್ಪಿಹೋಗುತ್ತದೆ. 500 ದಾಟಿ, ಸುತ್ತಲೂ ಕಾಡಿರುವ ಲೋಂಡಾ ಬಂದಾಗ ರೈಲ್ವೆ ಇಲಾಖೆ ಮುಗುಳ್ನಕ್ಕು, ಬೇಕಿದ್ದರೆ ಇಲ್ಲಿ ಇಳಿದು ಎರಡು ದಿನ ಇರಿ, ನಮ್ಮದೇನೂ ಅಭ್ಯಂತರವಿಲ್ಲ, ಎನ್ನುತ್ತದೆ.

ಸೂಪರ್‌ಫಾಸ್ಟ್ ಎಂಬ ಪದದ ಅರ್ಥವನ್ನು ನಿಘಂಟಿನಲ್ಲಿ ಹುಡುಕುವುದು ವ್ಯರ್ಥ. ಬ್ರಾಡ್‌ಗೇಜ್ ಹಳಿಯ ಮೇಲೆ ಸರಾಸರಿ ಗಂಟೆಗೆ 55 ಕಿಲೋಮೀಟರ್ ವೇಗವಿರುವಂತೆ ವೇಳಾಪಟ್ಟಿ ಬರೆದರೆ ಅದು ಸೂಪರ್‌ಫಾಸ್ಟ್, ಟಿಕೆಟಿನ ದರದ ಮೇಲೆ ಅದಕ್ಕೊಂದು ಸರ್‌ಚಾರ್ಜ್ ಬೇರೆ. ನಮ್ಮೂರಿನ ಖಾಸಗಿ ಬಸ್ಸಿನ ಡ್ರೈವರ್ ಇದನ್ನು ಕೇಳಿ, ತಾನು ಇಷ್ಟು ವರ್ಷ ಸರ್‌ಚಾರ್ಜ್ ಇಲ್ಲದೆ ಬಸ್ಸು ಓಡಿಸಿ ಮಾಲೀಕನಿಗೆ ನಷ್ಟ ಮಾಡಿದೆನಲ್ಲ ಎಂದು ಕೊರಗಿದ. ಗಮನಿಸಬೇಕಾದ್ದು, ಈ 55 ಎಂಬುದು ಗಾಡಿಯ ವೇಗವಲ್ಲ, ಕಾಗದದ ವೇಗ. ಗಾಡಿ ಹೊಲದ ನಡುವೆ ನಿಂತು ಮುಂದಿನ ಸಿಗ್ನಲ್ಲಿನ ಧ್ಯಾನದಲ್ಲಿ ಮುಳುಗಿದ್ದರೂ ಕಾಗದ ಓಡುತ್ತಲೇ ಇರುತ್ತದೆ, ಸರ್‌ಚಾರ್ಜ್ ಕೂಡ. ಹೀಗಾಗಿ ಒಂದೇ ಹಳಿಯ ಮೇಲೆ, ಒಂದೇ ಎರಡು ಊರುಗಳ ನಡುವೆ, ಸಾಮಾನ್ಯ ಟಿಕೆಟ್, ಎಕ್ಸ್‌ಪ್ರೆಸ್ ಟಿಕೆಟ್, ಸೂಪರ್‌ಫಾಸ್ಟ್ ಟಿಕೆಟ್ ಎಂಬ ಮೂರು ವರ್ಣಗಳು ಏರ್ಪಟ್ಟಿವೆ. ಮೇಲಿನ ಟಿಕೆಟ್ ಹಿಡಿದವನು ಕೆಳಗಿನ ಗಾಡಿಯನ್ನು ಏರಿದರೆ ಯಾರೂ ಆಕ್ಷೇಪಿಸುವುದಿಲ್ಲ, ಹಣವನ್ನೂ ಮರಳಿಸುವುದಿಲ್ಲ. ಕೆಳಗಿನ ಟಿಕೆಟ್ ಹಿಡಿದವನು ಮೇಲಿನ ಗಾಡಿಯನ್ನು ಏರಿದರೆ ಅದು ಅಪರಾಧ.

ಸರಿಯಾದ ಗಾಡಿ ಸಿಕ್ಕರೂ ಸರಿಯಾದ ಬೋಗಿ ಸಿಗಬೇಕಲ್ಲ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರಂ ಇದೆ. 2023ರಲ್ಲಿ ಅದರ ಉದ್ಘಾಟನೆಯೂ ಆಯಿತು, ಗಿನ್ನೆಸ್ ದಾಖಲೆಯೂ ಆಯಿತು. ಜನರಲ್ ಬೋಗಿಗಳನ್ನು ಸಾಮಾನ್ಯವಾಗಿ ಗಾಡಿಯ ತಲೆಗೊಂದಿಷ್ಟು ಬಾಲಕ್ಕೊಂದಿಷ್ಟು ಜೋಡಿಸುವ ಪದ್ಧತಿ ಇರುವುದರಿಂದ, ಈ ದಾಖಲೆಯ ಉದ್ದವನ್ನು ತಲೆಯ ಮೇಲೆ ಮೂಟೆ ಹೊತ್ತು ಅಳೆಯುವ ಭಾಗ್ಯ ಬೇರೆಯವರಿಗಿಂತ ಹೆಚ್ಚಾಗಿ ಹತ್ತು ರೂಪಾಯಿಯವನದು.

ಇಷ್ಟೆಲ್ಲ ಜಂಜಾಟ ಬೇಡವೆಂದೇ ಮೊಬೈಲಿನಲ್ಲಿ ಟಿಕೆಟ್ ಪಡೆಯುವ ವ್ಯವಸ್ಥೆ ಬಂದಿದೆ. ಯುಟಿಎಸ್ ಎಂಬ ಆ್ಯಪ್ ಮೊದಲು ಬಂತು. 2025ರ ಜುಲೈನಲ್ಲಿ ರೈಲ್‌ಒನ್ ಎಂಬ ಇನ್ನೊಂದು ಆ್ಯಪ್ ಬಿಡುಗಡೆಯಾಯಿತು. ಯುಟಿಎಸ್‌ನ ಮೂಲತತ್ತ್ವವನ್ನು ಅರಿಯಲು ನಮ್ಮ ವೇದಾಂತದ ಅಭ್ಯಾಸ ಸಹಾಯಕ್ಕೆ ಬರುತ್ತದೆ. ನಿಲ್ದಾಣದಿಂದ ಇಂತಿಷ್ಟೇ ದೂರದೊಳಗೆ ಇರಬೇಕೆಂಬ ಹೊರಗಿನ ಗಡಿಯನ್ನು 2024ರಲ್ಲಿ ತೆಗೆದುಹಾಕಿದ್ದರಿಂದ, ಆ ಬಳಿಕ ಮನೆಯ ಅಟ್ಟದ ಮೇಲಿಂದಲೂ ಟಿಕೆಟ್ ಪಡೆಯಬಹುದಾಯಿತು. ಒಳಗಿನ ಗಡಿ ಮಾತ್ರ ಹಾಗೆಯೇ ಉಳಿಯಿತು: ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ಪಡೆಯುವಂತಿಲ್ಲ, ಗಾಡಿಯೊಳಗಂತೂ ಕೂಡದು. ಲೋಕದಲ್ಲಿ ಎಲ್ಲಿದ್ದರೂ ರೈಲು ಟಿಕೆಟ್ ಸಿಗುತ್ತದೆ, ರೈಲು ಇರುವ ಜಾಗವೊಂದನ್ನು ಬಿಟ್ಟು. ತಪಾಸಣೆಗೆ ಬರುವವರ ಕರಿಕೋಟು ಕಂಡ ಕೂಡಲೇ ಮೊಬೈಲ್ ಒತ್ತುವ ಕಳ್ಳರನ್ನು ತಡೆಯಲು ಈ ಏರ್ಪಾಟು. ಕಳ್ಳರು ಎಷ್ಟು ಮಂದಿ ನಿಂತರೋ ತಿಳಿಯದು; ಉಳಿದವರು ನಿಲ್ದಾಣದಿಂದ ಹೊರಗೆ ಓಡುವುದನ್ನು ಮಾತ್ರ ನಾನೇ ಕಂಡಿದ್ದೇನೆ.

2024ರ ಮಳೆಗಾಲದ ಒಂದು ಬೆಳಗ್ಗೆ. ಗಾಡಿ ಅಲ್ಲಿಂದಲೇ ಹೊರಡುವ ಒಂದು ನಿಲ್ದಾಣ, ಹೆಸರು ಬೇಡ. ಎರಡು ಕಿಂಡಿಗಳಲ್ಲಿ ಒಂದರ ಬಾಗಿಲು ಹಾಕಿತ್ತು, ಇನ್ನೊಂದರ ಮುಂದೆ ನಲವತ್ತು ಜನರ ಸಾಲು. ಬಿಳಿ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ, ಒಂದು ಕೈಯಲ್ಲಿ ಹಲಸಿನ ಹಣ್ಣಿನ ಚೀಲ, ಇನ್ನೊಂದು ಕೈಯಲ್ಲಿ ಒದ್ದೆ ಕೊಡೆ ಹಿಡಿದ ಒಬ್ಬರು, ಮಗಳು ಹಾಕಿಕೊಟ್ಟ ಆ್ಯಪನ್ನು ತೆರೆದು ಬಾಗಿಲಲ್ಲೇ ನಿಂತರು. ನೀವು ನಿಲ್ದಾಣದ ಒಳಗಿದ್ದೀರಿ ಎಂದು ಆ್ಯಪ್ ಹೇಳಿತು. ಅವರು ಅದನ್ನು ಹೊಗಳಿಕೆಯೆಂದು ತಿಳಿದು ಇನ್ನೊಮ್ಮೆ ಒತ್ತಿದರು. ಆ್ಯಪ್ ಅದನ್ನೇ ಹೇಳಿತು. ಗೋಡೆಗೆ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಒಳಗೇ ಸಿಗುತ್ತದೆ ಎಂದು ಪಕ್ಕದ ಹುಡುಗ ತಿಳಿಸಿದ. ಕೋಡ್ ನಿಜವಾಗಿಯೂ ಇತ್ತು, ಕಿಂಡಿಯ ಬಲಗಡೆಗೆ, ನಲವತ್ತು ಜನರ ಆಚೆ. ಸ್ಕ್ಯಾನ್ ಮಾಡಲು ಮುಂದೆ ಹೋದವರನ್ನು ಸಾಲು ನುಗ್ಗುವವರೆಂದು ತಿಳಿದು ಜನ ಹಿಂದಕ್ಕೆ ತಳ್ಳುತ್ತಿದ್ದರು. ಕೊನೆಗೆ ಅವರು ಚೀಲವನ್ನು ಹುಡುಗನ ವಶಕ್ಕೆ ಕೊಟ್ಟು, ಮಳೆಯಲ್ಲೇ ಹೊರಗೆ ನಡೆದರು. ಆಟೋ ಸ್ಟ್ಯಾಂಡಿನ ಬಳಿ ಒಮ್ಮೆ ಒತ್ತಿದರು, ಆಗಲಿಲ್ಲ. ಎಳನೀರಿನ ಗಾಡಿಯ ಬಳಿ ಒತ್ತಿದರು, ಆಗಲಿಲ್ಲ. ರಸ್ತೆ ದಾಟಿ, ಅರಳಿಮರದ ಕಟ್ಟೆಯ ಮೇಲೆ ಹತ್ತಿ, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿ ಒತ್ತಿದಾಗ, ಬೋಧಿವೃಕ್ಷದ ಮಹಿಮೆಯೋ ಏನೋ, ಟಿಕೆಟ್ ಬಂತು. ಅಷ್ಟರಲ್ಲಿ ಗಾಡಿ ಕೂಗು ಹಾಕಿತು. ಕೆಸರಿನಲ್ಲಿ ಓಡೋಡಿ ಬಂದು ಕಡೆಯ ಬೋಗಿಯ ಕಂಬಿ ಹಿಡಿದವರನ್ನು ನಾವೆಲ್ಲ ಸೇರಿ ಒಳಗೆಳೆದುಕೊಂಡೆವು. ಅವರ ಮುಖದಲ್ಲಿ ಆಗ ಇದ್ದ ಸಮಾಧಾನವನ್ನು ನಾನು ಮತದಾನ ಮಾಡಿ ಬಂದವರ ಮುಖದಲ್ಲಿಯೂ ಕಂಡಿಲ್ಲ.

ಮೂರನೆಯ ನಿಲ್ದಾಣ ದಾಟಿದ ಮೇಲೆ ಟಿಟಿಇ ಬಂದರು. ಹಿರಿಯರು ಮೊಬೈಲನ್ನು ಪಂಚೆಗೆ ಒರೆಸಿ ತೋರಿಸಿದರು. ಟಿಟಿಇ ಬಹಳ ಮರ್ಯಾದೆಯಿಂದಲೇ, ಇದು ಸಾಮಾನ್ಯ ಗಾಡಿಯ ಹತ್ತು ರೂಪಾಯಿ ಟಿಕೆಟ್ ಎಂದೂ, ಈ ಗಾಡಿ ಎಕ್ಸ್‌ಪ್ರೆಸ್ ಎಂದೂ, ಆ್ಯಪಿನಲ್ಲಿ ಯಾವ ಬಗೆಯ ಗಾಡಿಯೆಂದು ಆರಿಸುವಾಗ ತಪ್ಪಾಗಿದೆಯೆಂದೂ ವಿವರಿಸಿದರು. 1989ರ ರೈಲ್ವೆ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ದರದ ವ್ಯತ್ಯಾಸ ಮತ್ತು ಅದರ ಮೇಲೆ ಕನಿಷ್ಠ 250 ರೂಪಾಯಿ ಹೆಚ್ಚುವರಿ ಶುಲ್ಕ ಕಟ್ಟಬೇಕು. ಎಕ್ಸ್‌ಪ್ರೆಸ್ಸಿನ ಕನಿಷ್ಠ ದರ 30, ಕೊಟ್ಟದ್ದು 10, ವ್ಯತ್ಯಾಸ 20, ಒಟ್ಟು 270. ಹಿರಿಯರು ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿನ ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟರು.

ಅವರ ಎದುರು ಸೀಟಿನಲ್ಲಿ, ಕಿಟಕಿಯ ಪಕ್ಕ, ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು ಕುಳಿತಿದ್ದ ಯುವಕನ ಬಳಿ ಟಿಕೆಟೇ ಇರಲಿಲ್ಲ. ಅವನು ಸಾಲಿನಲ್ಲಿ ನಿಂತಿರಲಿಲ್ಲ, ಮರದ ಕಟ್ಟೆ ಹತ್ತಿರಲಿಲ್ಲ, ಗಾಡಿ ಯಾವ ವರ್ಣದ್ದೆಂದು ವಿಚಾರಿಸಿರಲಿಲ್ಲ. ಅವನ ಲೆಕ್ಕ ಒಂದೇ ಸಾಲಿನದು: ದರ 30, ಶುಲ್ಕ 250, ಒಟ್ಟು 280. ಕುಳಿತಲ್ಲಿಗೇ ಬಂದು, ಪೆನ್ನಿನಲ್ಲಿ ಬರೆದು, ಹರಿದು ಕೊಟ್ಟರು. ಅದಕ್ಕೆ ನಿಲ್ದಾಣದಿಂದ ಇಷ್ಟು ದೂರ ನಿಲ್ಲಬೇಕೆಂಬ ಷರತ್ತಿರಲಿಲ್ಲ, ಬ್ಯಾಟರಿಯ ಚಿಂತೆಯಿರಲಿಲ್ಲ.

ಹಿರಿಯರು ಅವನ ರಸೀತಿಯನ್ನೂ ತಮ್ಮದನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ತಾವು ಮೊದಲೇ ಕೊಟ್ಟಿದ್ದ ಹತ್ತು ರೂಪಾಯಿಯನ್ನು ಬೆರಳಿನ ಗೆಣ್ಣಿನ ಮೇಲೆ ಕೂಡಿಸಿಕೊಂಡರು. ಆಮೇಲೆ ಯುವಕನ ಕಡೆ ತಿರುಗಿ, ಅವನು ಕಿವಿಯಿಂದ ಹಾಡು ತೆಗೆಯುವವರೆಗೂ ಕಾದು, ಅತ್ಯಂತ ವಿನಯದಿಂದ ಕೇಳಿದರು: “ನೀವು ಈ ಟಿಕೆಟನ್ನ ಯಾವಾಗಲೂ ಇಲ್ಲೇ ತಗೊಳ್ಳೋದಾ?”